ಕಾಮಾ ಯಾರದ್ದು?

ಪಟ್ಟಿಯೊಂದನ್ನು ಕಾಮಾಗಳಿಂದ ಜೋಡಿಸಿ ಒಂದೇ ಸಾಲಿನ ಸ್ಟ್ರಿಂಗ್ ಮಾಡುವುದು ಪ್ರೋಗ್ರಾಮಿಂಗ್ ಕಲಿಯುವವರಿಗೆ ಮೊದಮೊದಲು ಕೊಡುವ ಕೆಲಸಗಳಲ್ಲಿ ಒಂದು. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ ಎಂಬ ಮೂರು ಹೆಸರುಗಳು ಕಂಪ್ಯೂಟರಿನೊಳಗೆ ಬೇರೆಬೇರೆಯಾಗಿ ಕೂತಿರುತ್ತವೆ. ಪರದೆಯ ಮೇಲೆ ಅವು ಒಂದು ಸಾಲಾಗಿ ಬರಬೇಕು, ನಡುನಡುವೆ ಕಾಮಾ ಇರಬೇಕು. ಫಂಕ್ಷನಲ್ ಪ್ರೋಗ್ರಾಮಿಂಗ್ ಒಲವಿನವರನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಇದೊಂದು ಫೋಲ್ಡ್, ಅಷ್ಟೇ. ಪಟ್ಟಿಯ ಒಂದು ತುದಿಯಿಂದ ಹೊರಟು, ಈವರೆಗೆ ಕೂಡಿಬಂದದ್ದಕ್ಕೆ ಕಾಮಾ ಹಚ್ಚಿ, ಮುಂದಿನ ಹೆಸರು ಸೇರಿಸುತ್ತಾ ಹೋಗು. ಎಲ್ಲೋ ಒಂದು ಕಾಮಾ ಹೆಚ್ಚಾಗಿ ಉಳಿದರೆ ಕತ್ತರಿಸು. ಕಾಮಾ ಎನ್ನುವುದು ಹೇಗಿದ್ದರೂ ಅಲಂಕಾರ, ವಸ್ತುವೆಲ್ಲ ಹೆಸರುಗಳಲ್ಲಿದೆ.

ಈ ನಿಲುವಿನ ಹಿಂದೆ ಗಟ್ಟಿ ಕಾರಣಗಳೂ ಇವೆ, ಅವನ್ನು ಮೊದಲು ಒಪ್ಪಿಕೊಳ್ಳಬೇಕು. ಪಟ್ಟಿಯನ್ನು ಒಂದು ತುದಿಯಿಂದ ಅರಗಿಸುತ್ತಾ ಹೋಗಿ ಒಂದು ಉತ್ತರಕ್ಕೆ ತರುವ ಯಾವ ಕೆಲಸವಾದರೂ ಸರಿ, ಅದು ಫೋಲ್ಡ್ ಎಂಬ ಒಂದೇ ಅಚ್ಚಿಗೆ ಹೊಂದುತ್ತದೆ. ಗ್ರಹಾಂ ಹಟನ್ 1999ರಲ್ಲಿ ಜರ್ನಲ್ ಆಫ್ ಫಂಕ್ಷನಲ್ ಪ್ರೋಗ್ರಾಮಿಂಗ್ ಪತ್ರಿಕೆಯಲ್ಲಿ ಬರೆದ ಲೇಖನ ಈ ಅಚ್ಚು ಎಷ್ಟು ವ್ಯಾಪಕವಾದದ್ದೆಂದು ವಿವರವಾಗಿ ತೋರಿಸಿದೆ. ಕೂಡುವುದು, ಗುಣಿಸುವುದು, ಅತಿ ದೊಡ್ಡದನ್ನು ಹುಡುಕುವುದು, ಪಟ್ಟಿಯನ್ನೇ ತಿರುಗಿಸುವುದು, ಎಲ್ಲವೂ ಅದರಲ್ಲಿ ಅಡಗುತ್ತವೆ. ಹಾಗಿರುವಾಗ ಕಾಮಾ ಹಾಕಿ ಜೋಡಿಸುವುದೊಂದು ಹೊರಗುಳಿಯಲು ಕಾರಣವಿಲ್ಲ, ಉಳಿಯುವುದೂ ಇಲ್ಲ. ಇದರ ಮೇಲೆ, ಬಹುತೇಕ ಎಲ್ಲ ಭಾಷೆಗಳೂ ಈ ಕೆಲಸಕ್ಕೆ ಸಿದ್ಧ ಫಂಕ್ಷನ್ ಕೊಟ್ಟಿವೆ. ಹ್ಯಾಸ್ಕೆಲ್‌ನಲ್ಲಿ ಇಂಟರ್‌ಕಲೇಟ್, ಪೈಥಾನ್, ಎಲಿಕ್ಸಿರ್, ಎಲ್ಮ್‌ಗಳಲ್ಲಿ ಜಾಯಿನ್, ಓಕ್ಯಾಮಲ್‌ನಲ್ಲಿ ಸ್ಟ್ರಿಂಗ್ ಕಾನ್‌ಕ್ಯಾಟ್, ಸ್ಕಾಲಾದಲ್ಲಿ ಎಂಕೆಸ್ಟ್ರಿಂಗ್. ಯಾರೋ ಒಮ್ಮೆ ಯೋಚಿಸಿ ಮುಗಿಸಿದ್ದಾರೆ, ನಾವು ಬಳಸಿದರೆ ಸಾಕು ಎನ್ನುವುದು ಸೋಮಾರಿತನವಲ್ಲ, ವಿವೇಕವೇ. ನನ್ನ ತಕರಾರು ಫೋಲ್ಡ್‌ನ ಮೇಲೂ ಅಲ್ಲ, ಲೈಬ್ರರಿಯ ಮೇಲೂ ಅಲ್ಲ. ಕಾಮಾ ಅಲಂಕಾರ ಎಂಬ ಮಾತಿನ ಮೇಲೆ. ಆ ಮಾತಿನಲ್ಲಿ ಒಂದು ಗೊಂದಲವಿದೆ, ಉಳಿದ ತಪ್ಪುಗಳೆಲ್ಲ ಅದರ ಮಕ್ಕಳು.

ಫೋಲ್ಡ್ ಶುರುವಾಗಲು ಒಂದು ಆರಂಭದ ಬೆಲೆ ಬೇಕು. ಕೂಡುವಾಗ ಸೊನ್ನೆ, ಗುಣಿಸುವಾಗ ಒಂದು. ಸ್ಟ್ರಿಂಗ್ ಎಂದ ಕೂಡಲೇ ಖಾಲಿ ಸ್ಟ್ರಿಂಗ್ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಎಡದಿಂದ ಹೊರಟರೆ ಖಾಲಿಯ ಮುಂದೆ ಕಾಮಾ, ಅದರ ಮುಂದೆ ಬಸವನಗುಡಿ. ಸಾಲಿನ ತಲೆಯಲ್ಲೇ ಒಂದು ಬೇಡದ ಕಾಮಾ. ಬಲದಿಂದ ಹೊರಟರೆ ಅದೇ ಕಾಮಾ ಬಾಲದಲ್ಲಿ. ಇಲ್ಲಿಂದ ಮೂರು ಬಗೆಯ ತೇಪೆಗಳು ಹುಟ್ಟುತ್ತವೆ.

1. ಎಲ್ಲ ಮುಗಿದ ಮೇಲೆ ಹೆಚ್ಚಿನ ಕಾಮಾ ಕತ್ತರಿಸುವುದು. ಕಾಮಾ ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ ಎರಡು ಅಕ್ಷರ, ಹಾಗಾಗಿ ಕೊನೆಯ ಎರಡನ್ನು ಬಿಡು ಎಂದು ಬರೆದಿರುತ್ತಾರೆ. ಮುಂದೊಂದು ದಿನ ಯಾರೋ ಖಾಲಿ ಜಾಗ ಬೇಡವೆಂದು ಬರೀ ಕಾಮಾ ಉಳಿಸುತ್ತಾರೆ, ಆ ಎರಡನ್ನು ಒಂದು ಮಾಡಲು ಮರೆಯುತ್ತಾರೆ. ಕನ್ನಡದಲ್ಲಿ ಇದರ ಪರಿಣಾಮ ಕುತೂಹಲದ್ದು. ಯೂನಿಕೋಡ್‌ನಲ್ಲಿ ಗುಣಿತಾಕ್ಷರದ ಸ್ವರಚಿಹ್ನೆಗೂ ಅನುಸ್ವಾರಕ್ಕೂ ಪ್ರತ್ಯೇಕ ಸಂಕೇತವಿರುವುದರಿಂದ ‘ಬಸವನಗುಡಿ’ಯ ಗುಡಿಸು ಮಾತ್ರ ಉದುರಿ ‘ಬಸವನಗುಡ’ ಆಗುತ್ತದೆ, ‘ಚಾಮರಾಜಪೇಟೆ’ ‘ಚಾಮರಾಜಪೇಟ’ವಾಗುತ್ತದೆ. ಇವೆರಡು ಕಣ್ಣಿಗೆ ಹೊಡೆಯುತ್ತವೆ. ಆದರೆ ಪಟ್ಟಿಯ ಕೊನೆಯಲ್ಲಿ ‘ಮಲ್ಲೇಶ್ವರಂ’ ಇದ್ದರೆ ಅನುಸ್ವಾರ ಹೋಗಿ ‘ಮಲ್ಲೇಶ್ವರ’ ಉಳಿಯುತ್ತದೆ. ಅದೂ ಸರಿಯಾದ ಹೆಸರೇ, ಅರ್ಧ ಊರು ಹಾಗೇ ಬರೆಯುತ್ತದೆ. ಪರೀಕ್ಷೆ ಮಾಡುವವರು ಆ ಪಟ್ಟಿಯನ್ನೇ ಆರಿಸಿಕೊಂಡಿದ್ದರೆ ತಪ್ಪು ಸಿಕ್ಕುವುದೇ ಇಲ್ಲ. (ಎಲಿಕ್ಸಿರ್‌ನಂತೆ ಓದುವ ಅಕ್ಷರವನ್ನೇ ಒಂದು ಘಟಕವಾಗಿ ಎಣಿಸುವ ಭಾಷೆಯಲ್ಲಿ ‘ಡಿ’ ಪೂರ್ತಿ ಹೋಗಿ ‘ಬಸವನಗು’ ಉಳಿಯುತ್ತದೆ. ಅದೇ ವಾಸಿ, ಬೇಗ ಗೊತ್ತಾಗುತ್ತದೆ.) ಇನ್ನು ಪಟ್ಟಿಯೇ ಖಾಲಿಯಿದ್ದರೆ ಕತ್ತರಿಸಲು ಏನೂ ಇರುವುದಿಲ್ಲ. ಉದ್ದದಿಂದ ಎರಡು ಕಳೆದು ತುಂಡು ಕೇಳಿದರೆ ಜಾವಾ ಮೈನಸ್ ಎರಡೇ ಎಂದು ದೋಷ ಎಸೆದು ನಿಲ್ಲುತ್ತದೆ.

2. ಈವರೆಗೆ ಕೂಡಿಬಂದದ್ದು ಖಾಲಿಯಾಗಿದ್ದರೆ ಕಾಮಾ ಹಾಕಬೇಡ ಎಂಬ ಷರತ್ತು. ಇದು ಜಾಣ ಪರಿಹಾರದಂತೆ ಕಾಣುತ್ತದೆ, ಮೂರರಲ್ಲಿ ಅತಿ ಅಪಾಯಕಾರಿಯೂ ಇದೇ. ಪಟ್ಟಿಯ ಮೊದಲ ಅಂಶವೇ ಖಾಲಿ ಸ್ಟ್ರಿಂಗ್ ಆಗಿದ್ದರೆ? ಮನೆ ನಂಬರು ಬರೆಯದೆ ಬಿಟ್ಟ ವಿಳಾಸ ಎಂದಿಟ್ಟುಕೊಳ್ಳಿ. ಮೊದಲ ಜಾಗ ಖಾಲಿ, ಎರಡನೆಯದು ರಸ್ತೆ, ಮೂರನೆಯದು ಬಡಾವಣೆ. ಸರಿಯಾದ ಉತ್ತರ ಕಾಮಾದಿಂದಲೇ ಶುರುವಾಗಬೇಕು, ಯಾಕೆಂದರೆ ಆ ಕಾಮಾದ ಎಡಗಡೆ ಒಂದು ಜಾಗವಿದೆ, ಅದು ಖಾಲಿಯಿದೆ. ಷರತ್ತು ಹಾಕಿದ ಪ್ರೋಗ್ರಾಂ ಆ ಜಾಗವನ್ನೇ ಇಲ್ಲವಾಗಿಸುತ್ತದೆ. ರಸ್ತೆ ಮನೆ ನಂಬರಿನ ಕಾಲಂಗೆ, ಬಡಾವಣೆ ರಸ್ತೆಯ ಕಾಲಂಗೆ ಸರಿಯುತ್ತವೆ. ಯಾವ ದೋಷದ ಸಂದೇಶವೂ ಬರುವುದಿಲ್ಲ.

3. ಮೊದಲ ಅಂಶವನ್ನೇ ಆರಂಭದ ಬೆಲೆಯಾಗಿ ಹಿಡಿದು ಎರಡನೆಯದರಿಂದ ಫೋಲ್ಡ್ ಹೊರಡಿಸುವುದು. ಇದು ಪ್ರಾಮಾಣಿಕವಾದದ್ದು. ಅಂಶವಿರುವ ಎಲ್ಲ ಪಟ್ಟಿಗಳಿಗೂ ಸರಿಯಾದ ಉತ್ತರ ಕೊಡುತ್ತದೆ. ಪಟ್ಟಿ ಖಾಲಿಯಿದ್ದಾಗ ಮಾತ್ರ ಆರಂಭಕ್ಕೆ ಏನೂ ಸಿಗದೆ ಮುಗ್ಗರಿಸುತ್ತದೆ.

ಮೂರೂ ತೇಪೆಗಳು ಒಂದೇ ಜಾಗದಲ್ಲಿ, ಖಾಲಿ ಎದುರಾದಲ್ಲಿ, ಹರಿಯುತ್ತವೆ, ಅದು ಕಾಕತಾಳೀಯವಲ್ಲ. ಎರಡು ಸ್ಟ್ರಿಂಗ್‌ಗಳನ್ನು ನಡುವೆ ಕಾಮಾ ಮತ್ತು ಖಾಲಿ ಜಾಗವಿಟ್ಟು ಜೋಡಿಸುವುದನ್ನು ಒಂದು ಗಣಿತ ಕ್ರಿಯೆ ಎಂದು ನೋಡೋಣ. ಅದಕ್ಕೆ ಸಹವರ್ತನೀಯ ಗುಣವಿದೆ: ಮೊದಲೆರಡನ್ನು ಜೋಡಿಸಿ ಮೂರನೆಯದನ್ನು ಸೇರಿಸಿದರೂ, ಕೊನೆಯೆರಡನ್ನು ಜೋಡಿಸಿ ಮೊದಲನೆಯದಕ್ಕೆ ಹಚ್ಚಿದರೂ ಅದೇ ಸಾಲು ಬರುತ್ತದೆ. ಆದರೆ ಅನನ್ಯತಾಂಶವಿಲ್ಲ. ಕೂಡುವುದಕ್ಕೆ ಸೊನ್ನೆ ಇದ್ದ ಹಾಗೆ, ಜೋಡಿಸಿದರೂ ಮತ್ತೊಂದನ್ನು ಬದಲಿಸದೆ ಬಿಡುವ ಸ್ಟ್ರಿಂಗ್ ಇಲ್ಲಿ ಸಿಗುವುದಿಲ್ಲ. ಸಾಧನೆ ಸುಲಭ. ಅಂಥದ್ದೊಂದು ಇದ್ದರೆ ಅದರ ಉದ್ದ, ಕಾಮಾ ಮತ್ತು ಖಾಲಿ ಜಾಗದ ಎರಡು, ‘ಬಸವನಗುಡಿ’ಯ ಉದ್ದ, ಈ ಮೂರರ ಮೊತ್ತ ಬರೀ ‘ಬಸವನಗುಡಿ’ಯ ಉದ್ದಕ್ಕೆ ಸಮನಾಗಬೇಕು. ಅಂದರೆ ಆ ಸ್ಟ್ರಿಂಗ್‌ನ ಉದ್ದ ಮೈನಸ್ ಎರಡಿರಬೇಕು. ಹಾಗಾಗಿ ಖಾಲಿ ಸ್ಟ್ರಿಂಗನ್ನು ಆರಂಭದ ಬೆಲೆಯಾಗಿ ಕೊಟ್ಟವರು ಗುಣಾಕಾರಕ್ಕೆ ಸೊನ್ನೆಯಿಂದ ಹೊರಟಷ್ಟೇ ತಪ್ಪು ಮಾಡಿದ್ದಾರೆ. ಇಲ್ಲಿ ಉತ್ತರ ಸಂಪೂರ್ಣ ಕೆಡದೆ ಒಂದು ಕಾಮಾದಷ್ಟು ಕೆಡುವುದರಿಂದ ತೇಪೆ ಹಾಕುವ ಮನಸ್ಸಾಗುತ್ತದೆ, ಅಷ್ಟೇ. ಫಂಕ್ಷನಲ್ ಪ್ರೋಗ್ರಾಮಿಂಗಿನ ಮಾತಿನಲ್ಲಿ ಇದು ಸೆಮಿಗ್ರೂಪ್, ಮೊನಾಯ್ಡ್ ಅಲ್ಲ. ಮೊನಾಯ್ಡ್ ಬೇಕೆಂದರೆ ‘ಏನೂ ಇಲ್ಲ’ ಎಂಬ, ಯಾವ ಸ್ಟ್ರಿಂಗೂ ಅಲ್ಲದ ಒಂದು ಬೆಲೆಯನ್ನು ಹೊರಗಿನಿಂದ ತಂದು ಸೇರಿಸಬೇಕು. ಹ್ಯಾಸ್ಕೆಲ್‌ನ ಮೇಬಿ ಮಾಡುವುದು ಅದನ್ನೇ.

ಬೀಜಗಣಿತ ಇಷ್ಟನ್ನು ಹೇಳುತ್ತದೆ. ಯಾಕೆ ಹೀಗೆ ಎಂಬುದಕ್ಕೆ ಉತ್ತರ ಕಾಮಾದ ಒಡೆತನದಲ್ಲಿದೆ. ಮಲ್ಲೇಶ್ವರದ 6ನೇ ಅಡ್ಡರಸ್ತೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಮಂಡಳಿಯಿದೆ, 18ನೇ ಅಡ್ಡರಸ್ತೆಯಲ್ಲಿ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವಿದೆ. ಎರಡೂ ತುದಿ ಸೇರಿಸಿ ಎಣಿಸಿದರೆ ಅಡ್ಡರಸ್ತೆಗಳು 13, ಅವುಗಳ ನಡುವಿನ ಸಾಲುಗಳು 12. ಒಂದು ಸಾಲು ಎಡಗಡೆಯ ರಸ್ತೆಯದ್ದೋ ಬಲಗಡೆಯದ್ದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಅದು ಅವೆರಡರ ನಡುವಿನದು. ಕಾಮಾವೂ ಹಾಗೆ. ಪ್ರತಿ ಹೆಸರಿಗೆ ಒಂದು ಕಾಮಾ ಹಚ್ಚಲು ಹೊರಟವರು 12ರ ಬದಲು 13 ಎಣಿಸಿ, ಆಮೇಲೆ ಒಂದನ್ನು ಕಳೆಯುತ್ತಿದ್ದಾರೆ. ಮೊದಲನೆಯದೋ ಕೊನೆಯದೋ ವಿಶೇಷ ಅಂಶ, ಅದಕ್ಕೆ ಬೇರೆ ನಿಯಮ ಬೇಕು ಎಂಬ ಭಾವನೆ ಹುಟ್ಟುವುದೇ ಈ ತಪ್ಪೆಣಿಕೆಯಿಂದ. ಪಟ್ಟಿಯಲ್ಲಿ ವಿಶೇಷ ಅಂಶ ಯಾವುದೂ ಇಲ್ಲ.

ಎಲ್ಲ ಚಿಹ್ನೆಗಳೂ ನಡುವಿಗೆ ಸೇರಿದವು ಎಂದು ಮಾತ್ರ ತಿಳಿಯಬಾರದು. ಬಸವನಗುಡಿಯ ಡಿವಿಜಿ ರಸ್ತೆಯ ಹೆಸರನ್ನೇ ನೋಡಿ. ‘ಡಿ.ವಿ.ಜಿ.’ ಎಂದು ಮೂರು ಚುಕ್ಕಿ ಇಡುವವರಿದ್ದಾರೆ, ‘ಡಿ.ವಿ.ಜಿ’ ಎಂದು ಎರಡೇ ಇಡುವವರಿದ್ದಾರೆ, ಚುಕ್ಕಿಯನ್ನೇ ಬಿಟ್ಟವರೂ ಇದ್ದಾರೆ. ಮೊದಲಿನವರಿಗೆ ಚುಕ್ಕಿ ಎಂದರೆ ‘ಈ ಅಕ್ಷರ ಒಂದು ಹೆಸರಿನ ಸಂಕ್ಷೇಪ’ ಎಂಬ ಗುರುತು, ಆದ್ದರಿಂದ ದೇವನಹಳ್ಳಿಗೆ ಒಂದು, ವೆಂಕಟರಮಣಯ್ಯನವರಿಗೆ ಒಂದು, ಗುಂಡಪ್ಪನವರಿಗೂ ಒಂದು. ಎರಡನೆಯವರಿಗೆ ಅದು ಅಕ್ಷರಗಳನ್ನು ಬೇರೆಯಿಡುವ ಗೆರೆ, ಮೂರರ ನಡುವೆ ಎರಡೇ ಸಾಕು. ಇದು ಕಾಗುಣಿತದ ಜಗಳದಂತೆ ಕಂಡರೂ ವಾಸ್ತವದಲ್ಲಿ ಒಡೆತನದ ಜಗಳ. ಪ್ರೋಗ್ರಾಮಿಂಗ್ ಭಾಷೆಗಳೂ ಇದೇ ಜಗಳವಾಡಿವೆ: ಪಾಸ್ಕಲ್‌ನಲ್ಲಿ ಅರ್ಧವಿರಾಮ ಎರಡು ಹೇಳಿಕೆಗಳ ನಡುವಿನದು, ಸಿ ಭಾಷೆಯಲ್ಲಿ ಅದು ಹೇಳಿಕೆಯನ್ನು ಮುಗಿಸುವಂಥದ್ದು. ಹ್ಯಾಸ್ಕೆಲ್ ಎರಡಕ್ಕೂ ಬೇರೆಬೇರೆ ಫಂಕ್ಷನ್ ಇಟ್ಟಿದೆ. ಅನ್‌ಲೈನ್ಸ್ ಪ್ರತಿ ಸಾಲಿನ ಕೊನೆಗೂ ಹೊಸಸಾಲಿನ ಗುರುತು ಹಾಕುತ್ತದೆ, ಇಂಟರ್‌ಕಲೇಟ್ ನಡುವೆ ಮಾತ್ರ ಹಾಕುತ್ತದೆ. ಎರಡನ್ನೂ ಒಂದೇ ಎಂದು ಬಳಸಿದವರಿಗೆ ಫೈಲಿನ ಕೊನೆಯಲ್ಲಿ ಒಂದು ಸಾಲು ಹೆಚ್ಚೋ ಕಮ್ಮಿಯೋ ಬರುತ್ತದೆ.

ಕನ್ನಡದಲ್ಲಿ ಯೋಚಿಸುವವರಿಗೆ ಈ ಭೇದ ಕಷ್ಟವಾಗಬಾರದಿತ್ತು, ಯಾಕೆಂದರೆ ನಮ್ಮ ವ್ಯಾಕರಣ ಮೂರು ಬಗೆಯ ಒಡೆತನವನ್ನೂ ದಿನವೂ ಬಳಸುತ್ತದೆ. ‘ಬಸವನಗುಡಿಯೂ ಮಲ್ಲೇಶ್ವರವೂ ಚಾಮರಾಜಪೇಟೆಯೂ’ ಎಂದಾಗ ಊಕಾರ ಪ್ರತಿ ಹೆಸರಿಗೂ ಸೇರಿದ್ದು. ಮೂರು ಹೆಸರಿಗೆ ಮೂರು, ಕೊನೆಯದನ್ನು ಯಾರೂ ಕತ್ತರಿಸುವುದಿಲ್ಲ. ‘ಬಸವನಗುಡಿ, ಮಲ್ಲೇಶ್ವರ ಮತ್ತು ಚಾಮರಾಜಪೇಟೆ’ ಎಂದಾಗ ಒಂದು ಕಾಮಾ, ಒಂದು ‘ಮತ್ತು’, ಎರಡೂ ನಡುವಿನವು. ‘ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ’ ಎಂದಾಗ ಕೊನೆಯ ‘ಗಳಲ್ಲಿ’ ಚಾಮರಾಜಪೇಟೆಯ ಬೆನ್ನಿಗೆ ಅಂಟಿದ್ದರೂ ಅದರದ್ದಲ್ಲ, ಇಡೀ ಪಟ್ಟಿಯದ್ದು. ಅಂಶದ್ದು, ನಡುವಿನದು, ಪಟ್ಟಿಯದ್ದು: ಪಟ್ಟಿಯನ್ನು ಸ್ಟ್ರಿಂಗ್ ಮಾಡುವಾಗ ಸೇರಿಸುವ ಪ್ರತಿ ಚಿಹ್ನೆಯೂ ಈ ಮೂವರಲ್ಲಿ ಒಬ್ಬರಿಗೆ ಸೇರಿರುತ್ತದೆ. ಸ್ಕಾಲಾದ ಎಂಕೆಸ್ಟ್ರಿಂಗ್ ಆರಂಭದ ಚಿಹ್ನೆ, ನಡುವಿನ ಚಿಹ್ನೆ, ಅಂತ್ಯದ ಚಿಹ್ನೆ ಎಂದು ಮೂರು ಮಾಹಿತಿ ಕೇಳಬಲ್ಲದು; ಅದರಲ್ಲಿ ಮೊದಲ ಮತ್ತು ಕೊನೆಯವು ಪಟ್ಟಿಯವು, ನಡುವಿನದು ನಡುವಿನದು. ಅಂಶಕ್ಕೆ ಸೇರಿದ್ದನ್ನು, ಉದಾಹರಣೆಗೆ ಹೆಸರಿನ ಸುತ್ತ ಉದ್ಧರಣ ಚಿಹ್ನೆಯನ್ನು, ಅದಕ್ಕೂ ಮುಂಚೆ ಮ್ಯಾಪ್ ಬಳಸಿ ಹಾಕಿಕೊಳ್ಳಬೇಕು. (ಊಕಾರಕ್ಕೂ ಮ್ಯಾಪ್ ಸಾಕು ಎಂದು ಹೊರಟವರಿಗೆ ಒಂದು ಕಡೆ ಯಕಾರ, ಇನ್ನೊಂದು ಕಡೆ ವಕಾರ ಆಗಮವಾಗುವುದು ನೆನಪಿರಲಿ.)

ಈ ದೃಷ್ಟಿಯಿಂದ ನೋಡಿದರೆ ಹ್ಯಾಸ್ಕೆಲ್ ಇಂಟರ್‌ಕಲೇಟನ್ನು ಬರೆದಿರುವ ರೀತಿ ಎಷ್ಟು ಶುಚಿಯಾದದ್ದೆಂದು ತಿಳಿಯುತ್ತದೆ. ಅದು ಎರಡು ಹೆಜ್ಜೆ. ಮೊದಲು ಇಂಟರ್‌ಸ್ಪರ್ಸ್ ಪಟ್ಟಿಯ ನಡುವುಗಳಲ್ಲಿ ಕಾಮಾವನ್ನು ಅಂಶವಾಗಿಯೇ ಕೂರಿಸುತ್ತದೆ. ಮೂರು ಅಂಶಗಳ ಪಟ್ಟಿ ಐದರದ್ದಾಗುತ್ತದೆ, ಖಾಲಿ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ಆಮೇಲೆ ಕಾನ್‌ಕ್ಯಾಟ್ ಎಲ್ಲವನ್ನೂ ನಡುವೆ ಏನೂ ಹಾಕದೆ ಒತ್ತೊತ್ತಾಗಿ ಸೇರಿಸುತ್ತದೆ, ಆ ಕ್ರಿಯೆಗೆ ಖಾಲಿ ಸ್ಟ್ರಿಂಗ್ ನಿಜವಾದ ಅನನ್ಯತಾಂಶ. ಕ್ಲೋಜರ್‌ನ ಇಂಟರ್‌ಪೋಸ್‌ನದೂ ಇದೇ ದಾರಿ. ತೇಪೆ ಬೇಕಾದದ್ದು ಎರಡು ಕೆಲಸಗಳನ್ನು ಒಂದೇ ಫೋಲ್ಡ್‌ಗೆ ತುರುಕಿದ್ದರಿಂದ. ತುರುಕಿದವರು ತೆರುವ ಇನ್ನೊಂದು ಬೆಲೆಯೂ ಇದೆ. ಬದಲಾಗದ ಸ್ಟ್ರಿಂಗ್‌ಗಳ ಭಾಷೆಯಲ್ಲಿ ಎಡದಿಂದ ಒಂದೊಂದೇ ಅಂಟಿಸುತ್ತಾ ಹೋದರೆ ಪ್ರತಿಸಲವೂ ಈವರೆಗಿನದೆಲ್ಲ ಮತ್ತೆ ನಕಲಾಗುತ್ತದೆ. ಕಾಮಾ ಸೇರಿ 12 ಅಕ್ಷರದ 1000 ಹೆಸರುಗಳಿದ್ದರೆ ಬೇಕಾದದ್ದು 12,000 ಅಕ್ಷರ ಬರೆಯುವುದು, ಆಗುವುದು ಸುಮಾರು 60 ಲಕ್ಷ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಲೈಬ್ರರಿ ಇಷ್ಟೆಲ್ಲ ಯೋಚಿಸಿದೆ ಎಂದ ಮೇಲೆ ಬಳಸುವವರಿಗೆ ಈ ತತ್ತ್ವಶಾಸ್ತ್ರ ಯಾಕೆ? ಯಾಕೆಂದರೆ ಲೈಬ್ರರಿ ಯೋಚಿಸಿದೆ ಎಂದರೆ ನಿಮ್ಮ ಪರವಾಗಿ ನಿರ್ಧರಿಸಿದೆ ಎಂದರ್ಥ, ಬೇರೆಬೇರೆ ಲೈಬ್ರರಿಗಳ ನಿರ್ಧಾರ ಬೇರೆಬೇರೆ. ಬೆಲೆಯೇ ಇಲ್ಲದ ಅಂಶ ಸಿಕ್ಕರೆ ಜಾವಾದ ಜಾಯಿನ್ ಆ ಜಾಗದಲ್ಲಿ ‘ನಲ್’ ಎಂಬ ಪದವನ್ನೇ ಬರೆದುಬಿಡುತ್ತದೆ. ಮೈಎಸ್‌ಕ್ಯೂಎಲ್‌ನ ಗ್ರೂಪ್ ಕಾನ್‌ಕ್ಯಾಟ್ ಆ ಅಂಶವನ್ನು ಸದ್ದಿಲ್ಲದೆ ಹಾರಿಸಿ ಮುಂದೆ ಹೋಗುತ್ತದೆ. ಈ ಗ್ರೂಪ್ ಕಾನ್‌ಕ್ಯಾಟ್‌ಗೆ ಇನ್ನೊಂದು ಅಭ್ಯಾಸವಿದೆ. ಬದಲಿಸದೆ ಬಿಟ್ಟರೆ ಅದರ ಫಲಿತಾಂಶದ ಮಿತಿ 1024 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ‘ಬಸವನಗುಡಿ’ಯಲ್ಲಿ ಎಂಟು ಸಂಕೇತಗಳಿವೆ, ಅಂದರೆ 24 ಬೈಟ್. ಅಷ್ಟುದ್ದದ 41 ಹೆಸರುಗಳು, ನಡುವೆ 40 ಕಾಮಾ: 984 ಮತ್ತು 40, ಒಟ್ಟು ಸರಿಯಾಗಿ 1024. 42ನೆಯದು ಬಂದರೆ ಅದು ಇಡಿಯಾಗಿ ಹೊರಗೆ, ಉಳಿದ ಸಾಲು ಅಚ್ಚುಕಟ್ಟಾಗಿ ಮುಗಿದಂತೆಯೇ ಕಾಣುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಅದೇ ಹೆಸರು 12 ಬೈಟ್, 78 ಹೆಸರು ಪೂರ್ತಿ ಹಿಡಿಸಿ 79ನೆಯದರ ಬಾಲ ತುಂಡಾಗುತ್ತದೆ, ಕನಿಷ್ಠ ಅನುಮಾನವಾದರೂ ಬರುತ್ತದೆ. ಡೇಟಾಬೇಸ್ ಒಂದು ಎಚ್ಚರಿಕೆಯನ್ನು ದಾಖಲಿಸುತ್ತದೆ ನಿಜ, ಅದನ್ನು ಓದುವ ಅಪ್ಲಿಕೇಶನ್ ಅಪರೂಪ.

ಪ್ರೋಗ್ರಾಮಿಂಗ್ ಭಾಷೆಗಳ ಜಾಯಿನ್‌ಗಳು ಬಹುತೇಕ ಒಮ್ಮತದಿಂದ ಮಾಡಿದ ನಿರ್ಧಾರವೂ ಒಂದಿದೆ: ಖಾಲಿ ಪಟ್ಟಿಯನ್ನು ಜೋಡಿಸಿದರೆ ಖಾಲಿ ಸ್ಟ್ರಿಂಗ್. ಒಂದೇ ಒಂದು ಖಾಲಿ ಸ್ಟ್ರಿಂಗ್ ಇರುವ ಪಟ್ಟಿಯನ್ನು ಜೋಡಿಸಿದರೂ ಖಾಲಿ ಸ್ಟ್ರಿಂಗ್. ಅಂಶವೇ ಇಲ್ಲದಿರುವುದೂ ಅಂಶವೊಂದು ಖಾಲಿಯಿರುವುದೂ ಇಲ್ಲಿ ಒಂದಾಗಿಬಿಟ್ಟವು, ವಾಪಸು ಬರುವ ದಾರಿ ಮುಚ್ಚಿತು. ಪೈಥಾನ್‌ನಲ್ಲಿ ಖಾಲಿ ಸ್ಟ್ರಿಂಗನ್ನು ಕಾಮಾದಲ್ಲಿ ಒಡೆಯಿರಿ, ಒಂದು ಅಂಶದ ಪಟ್ಟಿ ಬರುತ್ತದೆ. ಮಕ್ಕಳಿಲ್ಲದ ಮನೆಯ ಮಕ್ಕಳ ಪಟ್ಟಿಯನ್ನು ಹೀಗೆ ಉಳಿಸಿ ಮತ್ತೆ ಓದಿದರೆ ಹೆಸರಿಡದ ಒಂದು ಮಗು ಹುಟ್ಟಿರುತ್ತದೆ.

ಕಾಮಾ ಅಲಂಕಾರ ಎಂಬ ಮಾತಿನ ದೊಡ್ಡ ಹಾನಿ ಇಲ್ಲಿದೆ. ಅಲಂಕಾರವಾದರೆ ತೆಗೆದರೂ ವಸ್ತು ಹಾಗೇ ಇರಬೇಕು, ಸ್ಟ್ರಿಂಗ್ ಎಂದರೆ ಬಟ್ಟೆ ಬದಲಿಸಿದ ಪಟ್ಟಿ ಎಂದು ಭಾವಿಸಿದವರು ಅದನ್ನೇ ಉಳಿಸಿಟ್ಟು ಬೇಕಾದಾಗ ಒಡೆದುಕೊಳ್ಳಲು ಹೊರಡುತ್ತಾರೆ. ಹಳೆ ಬೆಂಗಳೂರಿನ ವಿಳಾಸವೊಂದನ್ನು ಹೀಗೆ ಉಳಿಸಿ ನೋಡಿ. ಯಾವ ಚಿಹ್ನೆಯಿಂದ ಬೇರ್ಪಡಿಸುತ್ತೀರಿ? ಕಾಮಾ ಆಗದು: ‘6ನೇ ಅಡ್ಡರಸ್ತೆ, ಮಲ್ಲೇಶ್ವರಂ’ ಎಂದು ಒಂದೇ ಅಂಶದೊಳಗೆ ಕಾಮಾ ಬರೆಯುವುದು ನಮ್ಮ ರೂಢಿ. ಓರೆಗೆರೆ ಆಗದು: 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಈ ಬಡಾವಣೆಗಳ ಉದ್ದುದ್ದ ನಿವೇಶನಗಳು ಪಾಲಾಗುತ್ತಾ ಬಂದು 14 ಎಂಬುದು 14/1, 14/2 ಆಗಿದೆ. ಅಡ್ಡಗೆರೆ ಬೆಂಗಳೂರಿಗೂ ಪಿನ್‌ಕೋಡಿಗೂ ನಡುವೆ ಆಗಲೇ ಕೂತಿದೆ. ಚುಕ್ಕಿ ಇನಿಷಿಯಲ್‌ಗಳ ಸ್ವತ್ತು. ಕೈಗೆ ಸಿಗುವ ಚಿಹ್ನೆಗಳೆಲ್ಲ ಬೇರೆಯವರ ಸೇವೆಯಲ್ಲಿವೆ. ಸಿಎಸ್‌ವಿ ಫೈಲುಗಳಿಗೆ 2005ರ ಆರ್‌ಎಫ್‌ಸಿ 4180 ವಿವರಿಸಿದ ಕ್ರಮ ಒಂದು ದಾರಿ: ಕಾಮಾ ಇರುವ ಅಂಶವನ್ನು ಉದ್ಧರಣ ಚಿಹ್ನೆಗಳಲ್ಲಿ ಕಟ್ಟು, ಒಳಗೇ ಉದ್ಧರಣ ಚಿಹ್ನೆ ಇದ್ದರೆ ಅದನ್ನು ಎರಡು ಸಲ ಬರೆ. ಬರೆಯುವವರೂ ಓದುವವರೂ ಅದನ್ನು ಪಾಲಿಸಿದರೆ ಪಟ್ಟಿ ವಾಪಸು ಸಿಗುತ್ತದೆ, ಆದರೆ ಅದು ಬರೀ ಜಾಯಿನ್ ಅಲ್ಲ, ಪ್ರತಿ ಅಂಶದ ಮೇಲೆ ಮೊದಲೇ ಮಾಡಬೇಕಾದ ಕೆಲಸ. ಆಸ್ಕಿಯಲ್ಲಿ 28ರಿಂದ 31ರವರೆಗಿನ ನಾಲ್ಕು ಸಂಕೇತಗಳನ್ನು ಬೇರ್ಪಡಿಸುವುದಕ್ಕೆಂದೇ ಮೀಸಲಿಟ್ಟಿದ್ದಾರೆ. ಕೀಬೋರ್ಡಿನಲ್ಲಿ ಅವಕ್ಕೆ ಕೀಲಿಯಿಲ್ಲ, ಪರದೆಯಲ್ಲಿ ರೂಪವಿಲ್ಲ, ಹಾಗಾಗಿ ಬಳಸುವವರು ಬಹಳ ಕಡಿಮೆ.

ವಿಳಾಸದ ಕೊನೆಯಲ್ಲಿರುವ ಪಿನ್‌ಕೋಡ್ ಮಾತ್ರ ಈ ತಾಪತ್ರಯಕ್ಕೆ ಸಿಕ್ಕುವುದಿಲ್ಲ. ಮಲ್ಲೇಶ್ವರಂ 560003, ಬಸವನಗುಡಿ 560004, ಚಾಮರಾಜಪೇಟೆ 560018: ಇವೂ ಪಟ್ಟಿಯಿಂದ ಆದ ಸ್ಟ್ರಿಂಗ್‌ಗಳೇ. ಮೊದಲ ಅಂಕಿ ವಲಯ, ಮೊದಲ ಮೂರು ಸೇರಿ ವಿಂಗಡಣಾ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ನಡುವೆ ಒಂದು ಚಿಹ್ನೆಯೂ ಇಲ್ಲ, ಆದರೂ 1972ರ ಆಗಸ್ಟ್ 15ರಿಂದ ಇಂದಿನವರೆಗೆ ಅದನ್ನು ಒಡೆಯುವುದರಲ್ಲಿ ಗೊಂದಲವಾಗಿಲ್ಲ. ಪ್ರತಿ ಭಾಗದ ಅಗಲ ಮೊದಲೇ ಗೊತ್ತಿರುವುದರಿಂದ ಬೇರ್ಪಡಿಸುವ ಚಿಹ್ನೆಯೇ ಬೇಕಾಗಲಿಲ್ಲ. 18 ಎಂದು ಬರೆಯದೆ 018 ಎಂದು ಸೊನ್ನೆ ತುಂಬಿದ್ದು ಅದಕ್ಕಾಗಿಯೇ. ಎಲ್ಲಿ ಒಡೆಯಬೇಕೆಂಬ ಮಾಹಿತಿ ಎಲ್ಲೋ ಒಂದು ಕಡೆ ಇರಲೇಬೇಕು: ಚಿಹ್ನೆಯಲ್ಲಿ, ಅಗಲದಲ್ಲಿ, ಇಲ್ಲವೇ ಅಂಶದ ಮುಂದೆ ಅದರ ಉದ್ದವನ್ನು ಬರೆದಿಡುವುದರಲ್ಲಿ. ಮೂರನೆಯದನ್ನು ಡಾನ್ ಬರ್ನ್‌ಸ್ಟೀನ್ 1997ರಲ್ಲಿ ನೆಟ್‌ಸ್ಟ್ರಿಂಗ್ಸ್ ಎಂಬ ಹೆಸರಿನಲ್ಲಿ ಪ್ರಸ್ತಾಪಿಸಿದರು.

ಇಷ್ಟಾದ ಮೇಲೂ ಒಬ್ಬರು ಕೇಳಬಹುದು: ಮನುಷ್ಯರು ಓದುವುದಕ್ಕೆಂದು ಬರೆದ ಸಾಲಿಗೆ ಇದೆಲ್ಲ ಅತಿಯಾಯಿತಲ್ಲವೇ? ಅಂಚೆಯಣ್ಣ ಕಾಮಾ ಎಣಿಸುವುದಿಲ್ಲ. ‘6ನೇ ಅಡ್ಡರಸ್ತೆ ಮಲ್ಲೇಶ್ವರಂ’ ಎಂದು ಕಾಮಾ ನುಂಗಿ ಬರೆದರೂ ಕಾಗದ ತಲುಪುತ್ತದೆ. ಈ ಆಕ್ಷೇಪ ಪೂರ್ತಿ ಸರಿ, ಅದರ ವ್ಯಾಪ್ತಿ ಎಲ್ಲಿಗೆ ನಿಲ್ಲುತ್ತದೆ ಎಂಬುದಷ್ಟೇ ಪ್ರಶ್ನೆ. ಅಂಚೆಯಣ್ಣನ ತಲೆಯಲ್ಲಿ ಮಲ್ಲೇಶ್ವರದ ನಕ್ಷೆಯಿದೆ. ಸಾಲಿನಲ್ಲಿ ಕಳೆದುಹೋದದ್ದನ್ನು ಅವರು ಅಲ್ಲಿಂದ ತುಂಬಿಕೊಳ್ಳುತ್ತಾರೆ. ಆ ಸಾಲನ್ನು ಮುಂದೆ ಓದಲಿರುವುದು ಇನ್ನೊಂದು ಪ್ರೋಗ್ರಾಂ ಆದರೆ ಅದರ ಬಳಿ ನಕ್ಷೆಯಿಲ್ಲ. ಆದ್ದರಿಂದ ಸ್ಟ್ರಿಂಗ್ ಕಾಗದಕ್ಕೋ ಪರದೆಗೋ ಹೋಗಿ ಅಲ್ಲೇ ನಿಲ್ಲುವುದಾದರೆ ಜಾಯಿನ್ ಬಳಸಿ, ಖಾಲಿ ಅಂಶಗಳನ್ನು ಬೇಕೆಂದೇ ಮೊದಲೇ ಫಿಲ್ಟರ್ ಮಾಡಿ, ‘ಮತ್ತು’ ಬೇಕಿದ್ದರೆ ಅದನ್ನೂ ಹಾಕಿ. ಒಳಗಿನ ಲೆಕ್ಕಾಚಾರದಲ್ಲಿ, ಡೇಟಾಬೇಸಿನಲ್ಲಿ, ಒಂದು ಫಂಕ್ಷನ್ನಿನಿಂದ ಇನ್ನೊಂದಕ್ಕೆ ಹೋಗುವಾಗ ಪಟ್ಟಿ ಪಟ್ಟಿಯಾಗಿಯೇ ಇರಲಿ. ಕೋಡಿನಲ್ಲಿ ಜಾಯಿನ್ ಆದ ನಾಲ್ಕು ಸಾಲಿನ ಕೆಳಗೆ ಅದೇ ಕಾಮಾದ ಮೇಲೆ ಸ್ಪ್ಲಿಟ್ ಕಂಡರೆ, ನಡುವಿನ ಆ ನಾಲ್ಕು ಸಾಲು ಸ್ಟ್ರಿಂಗ್‌ನಿಂದ ಏನು ಪಡೆದವು ಎಂದು ಬರೆದವರನ್ನು ಕೇಳಬೇಕು.